ಸೌಟು ಹಾಕದ ಸಾರು

ನಾರ್ವೆಯಿಂದ ಬಂದ ಸಾಲ್ಮನ್ ಮೀನಿನ ತುಂಡಿನ ಮೇಲೆ ಬೆರಳಾಡಿಸಿ, ಮಾಂಸದೊಳಗೆ ಸಾಲಾಗಿ ಅಡಗಿರುವ ಮುಳ್ಳುಗಳನ್ನು ಚಿಮುಟದಿಂದ ಒಂದೊಂದಾಗಿ ಎಳೆಯುವ ಹೊತ್ತಿನಲ್ಲಿ ಮನೋಹರನ ಮನಸ್ಸು ಸಾಮಾನ್ಯವಾಗಿ ನಿಲ್ಲುತ್ತಿತ್ತು. ಇವತ್ತು ನಿಲ್ಲಲಿಲ್ಲ. ಒಂದೇ ಮುಳ್ಳನ್ನು ಮೂರು ಸಲ ಹಿಡಿದು ಮೂರು ಸಲವೂ ಜಾರಿಸಿಕೊಂಡ. ಜೇಬಿನಲ್ಲಿದ್ದ ಫೋನಿನಲ್ಲಿ ಹಾಸನದ ಪ್ರೆಸ್ಸಿನ ಗುಂಡಯ್ಯ ಬೆಳಿಗ್ಗೆ ಕಳಿಸಿದ್ದ ಹೊಸ ಮೆನು ಕಾರ್ಡಿನ ಕರಡು ಇತ್ತು. ನಾಲ್ಕು ಗಂಟೆಯೊಳಗೆ ಮನೋಹರ ನೋಡಿ ಸರಿ ಅಂದರೆ ಅಚ್ಚಿಗೆ ಹೋಗುತ್ತದೆ. ಪ್ರತಿ ಅಡುಗೆಯ ಕೆಳಗೆ ಎರಡು ಸಾಲಿನ ಕಥೆ ಇರಬೇಕು, ಈಗಿನ ಜನ ಕಥೆ ಓದಿಕೊಂಡೇ ತಿನ್ನುವುದು ಅಂದವನು ಮಾಲೀಕ ಶಶಿಕಿರಣ್. ಜಪಾನಿನದಕ್ಕೆ ಒಂದು, ಪೆರು ದೇಶದವರು ನಿಂಬೆರಸದಲ್ಲೇ ನೆನೆಸಿ ಮಾಗಿಸುವ ಹಸಿ ಮೀನಿಗೆ ಒಂದು. ನಾಲ್ಕನೆಯದರ ಕೆಳಗೆ, 'ಪೋರ್ಚುಗಲ್ ಬೆಸ್ತರ ಮಡಕೆ' ಎಂಬ ದಪ್ಪ ಅಕ್ಷರದ ಅಡಿಯಲ್ಲಿ, 'ಲಿಸ್ಬನ್ ಕಡಲತೀರದ ಅಜ್ಜಿಯೊಬ್ಬಳಿಂದ ನಮ್ಮ ಶೆಫ್ ಕಲಿತು ತಂದದ್ದು; ಇದಕ್ಕೆ ಸೌಟು ಹಾಕುವುದಿಲ್ಲ' ಎಂದಿತ್ತು. ಅಜ್ಜಿಯನ್ನು ಸೇರಿಸಿದವನು ಶಶಿಕಿರಣ್. ಮನೋಹರ ಹೇಳಿದ್ದು 'ಪೋರ್ಚುಗಲ್' ಎಂಬ ಒಂದೇ ಪದ. ಅದಾದ ಮೇಲೆ ಅವನು ಏನೂ ಹೇಳಿರಲಿಲ್ಲ. ಪದ ತಾನಾಗಿ ಬೆಳೆದು, ಕಡಲತೀರವಾಗಿ, ಅಜ್ಜಿಯಾಗಿ ಈಗ ಅಚ್ಚಿನ ಬಾಗಿಲಲ್ಲಿ ನಿಂತಿತ್ತು. ಬೆಳೆಯುವಾಗ ತಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ ಎನ್ನುವುದೊಂದೇ ತನ್ನ ತಪ್ಪು ಎಂದು ವಾದಿಸಿ ನೋಡಿದ. ವಾದದಲ್ಲಿ ಗೆದ್ದರೂ ಮುಳ್ಳು ಕೈಗೆ ಸಿಗಲಿಲ್ಲ.

ಹೋಟೆಲು ಚನ್ನರಾಯಪಟ್ಟಣದ ಹೊರಗೆ ಹೆದ್ದಾರಿಯ ಮೇಲಿತ್ತು. ಕೆಳಗಡೆ ಶಶಿಕಿರಣನ ತಂದೆ ಪರಮಶಿವಯ್ಯನವರ ಸಸ್ಯಾಹಾರಿ ಹೋಟೆಲು. ಇಡ್ಲಿ, ಮಸಾಲೆ ದೋಸೆ, ಗಲ್ಲಾದ ಹಿಂದೆ ವಿಭೂತಿ ಹಚ್ಚಿಕೊಂಡು ಕೂತ ಅವರು. ಮೇಲ್ಗಡೆ ಮಗನ ಜಗತ್ತಿನ ಮೀನು. ಮಂಗಳೂರಿನಿಂದಲೂ ಬೆಂಗಳೂರಿನಿಂದಲೂ ಐಸು ತುಂಬಿದ ಥರ್ಮಾಕೋಲ್ ಪೆಟ್ಟಿಗೆಗಳು ಬರುತ್ತಿದ್ದವು. ನಾರ್ವೆಯ ಸಾಲ್ಮನ್, ವಿಯೆಟ್ನಾಮಿನ ಬಾಸಾ, ಹೆಸರೇ ಬರೆಯದ ಏಡಿ. ಅವು ಹತ್ತುವುದಕ್ಕೆ ಹಿಂದುಗಡೆ ಬೇರೆ ಮೆಟ್ಟಿಲಿತ್ತು. ಮನೋಹರನೂ ಅದರಲ್ಲೇ ಹತ್ತುತ್ತಿದ್ದ. ಪರಮಶಿವಯ್ಯ ಒಂದು ವರ್ಷದಲ್ಲಿ ಒಂದು ಸಲವೂ ಮೇಲೆ ಬಂದವರಲ್ಲ, ಆದರೆ ಮನೋಹರನನ್ನು ಕಂಡರೆ ಪ್ರೀತಿಯಿಂದ 'ಏನು ಗೌಡ್ರೇ, ತಿಂಡಿ ಆಯ್ತಾ?' ಎನ್ನುತ್ತಿದ್ದರು. ಅದೂ ಹಾಗೆಯೇ ಬೆಳೆದದ್ದು. ಕೆಲಸಕ್ಕೆ ಸೇರಿದ ದಿನ ಅವರು 'ಕೊಣನೂರು ಕಡೆಯೋರಾ? ಗೌಡ್ರಾ?' ಅಂದಿದ್ದರು. ಮನೋಹರ ಬಿದ್ದ ಸರ್ಟಿಫಿಕೇಟೊಂದನ್ನು ಎತ್ತಿಕೊಳ್ಳಲು ಬಗ್ಗಿದ್ದ. ಎದ್ದಾಗ ಮುಖದ ಮೇಲೆ ಒಂದು ನಗು ಇತ್ತು. ಯಾವುದಕ್ಕೂ ಉತ್ತರವಲ್ಲದ ನಗು. ಅವರು ಅದನ್ನು ಹೌದು ಎಂದು ತೆಗೆದುಕೊಂಡರು. ಕೊಣನೂರಿನ ಭೀಮನಗರದಲ್ಲಿ, ಬುದ್ಧನ ಪಟದ ಕೆಳಗೆ ಅವ್ವ ಸುಬ್ಬಮ್ಮ ಒಲೆ ಊದುತ್ತಿದ್ದ ಮನೆಯಲ್ಲಿ, ಅಪ್ಪ ಮಂಚಯ್ಯನನ್ನು ಯಾರೂ ಗೌಡ್ರೇ ಎಂದು ಕರೆದದ್ದಿಲ್ಲ. ಭೀಮನಗರ ಎಂದರೆ ಸಾಕು, ಮುಂದಿನ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ. ಆ ಒಂದು ಹೆಸರನ್ನು ಅವನು ಈ ಹೋಟೆಲಿನಲ್ಲಿ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

"ಸಾ, ಒಂದು ಡೌಟು," ಅಂದ ಸಿದ್ದೇಶ, ಈರುಳ್ಳಿ ಹೆಚ್ಚುತ್ತಲೇ. ಶಾಂತಿಗ್ರಾಮದವನು, ನಲವತ್ತು ದಾಟಿದವನು, ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಅಡುಗೆ ಮಾಡಿ ಈಗ ಮನೋಹರನ ಕೈಕೆಳಗೆ ಇದ್ದವನು. "ಪೋರ್ಚುಗಲ್‌ನಲ್ಲಿ ಹುಣಸೆಮರ ಐತಾ?"

"ಯಾಕೆ?"

"ಸುಮ್ಕೆ ಕೇಳ್ದೆ. ಬಾಸಾ ವಿಯೆಟ್ನಾಮಿಂದ ಬಂತು, ಆಲಿವ್ ಎಣ್ಣೆ ಅದ್ಯಾವ್ದೋ ದೇಸದಿಂದ ಬಂತು, ಹುಣಸೆ ಮಾತ್ರ ನಿಮ್ಮೂರ ಕಡೆ ಅರಕಲಗೂಡು ಬಸ್ಸಲ್ಲಿ ಬತ್ತದಲ್ಲ ಅಂತ." ಅವನು ನಕ್ಕ. ಕೆಟ್ಟ ನಗುವಲ್ಲ. ಆದರೂ ಮನೋಹರ ತಿರುಗಿ ಶೆಲ್ಫಿನ ಮೇಲಿದ್ದ ಡಬ್ಬಿಯನ್ನು ನೋಡಿದ. ತಿಂಗಳಿಗೊಮ್ಮೆ ಅವ್ವ ಹುಣಸೆಯ ಜೊತೆ ಬಸ್ಸಿನಲ್ಲಿ ಕೊಟ್ಟು ಕಳಿಸುವ ಸಾರಿನ ಪುಡಿ ಅದರಲ್ಲಿತ್ತು. ಡಬ್ಬಿಯ ಮೇಲೆ ಅವನೇ ಪೋರ್ಚುಗಲ್‌ನ 'ಪಿ' ಬರೆದು ಅಂಟಿಸಿದ್ದ.

ಗೋವಾದ ಹೋಟೆಲೊಂದರಲ್ಲಿ ಆರು ತಿಂಗಳು ಕಲಿಯಲು ಇದ್ದಾಗ, ಹೊದಿಕೆ ಹರಿದ ಅಡುಗೆ ಪುಸ್ತಕವೊಂದರಲ್ಲಿ ಅವನು ಅದನ್ನು ಓದಿದ್ದು. ಪೋರ್ಚುಗಲ್‌ನ ಬೆಸ್ತರು ಈರುಳ್ಳಿ, ಆಲೂಗಡ್ಡೆ, ಮೀನನ್ನು ಪದರ ಪದರವಾಗಿ ಹಾಕಿ ಬೇಯಿಸುತ್ತಾರೆ, ಮೀನು ಒಡೆಯಬಾರದೆಂದು ಸೌಟು ಹಾಕುವುದಿಲ್ಲ, ಪಾತ್ರೆಯನ್ನೇ ಹಿಡಿದು ತಿರುಗಿಸುತ್ತಾರೆ. ಓದುತ್ತಿದ್ದಂತೆ ಅವನಿಗೆ ಕಂಡದ್ದು ಯಾವ ಕಡಲೂ ಅಲ್ಲ, ಅವ್ವನ ಕೈ. ಅವ್ವ ನಾಲೆಯ ಜಿಲೇಬಿ ಮೀನಿನಲ್ಲಿ ಸಾರು ಮಾಡುವಾಗ ಮೀನು ಬಿದ್ದ ಮೇಲೆ ಸೌಟನ್ನು ಮನೆಯ ಆಚೆ ಇಟ್ಟುಬಿಡುವಳು. ಸೆರಗಿನಿಂದ ಮಡಕೆಯ ಕಂಠ ಹಿಡಿದು ಬಲಕ್ಕೊಂದು ಅರೆಸುತ್ತು, ಎಡಕ್ಕೊಂದು ಅರೆಸುತ್ತು, ಆಮೇಲೆ ತುಸು ಎತ್ತಿ ಒಲೆಯ ಮೇಲೆ ಟಕ್ ಎಂದು ಇಡುವಳು. ಆ ಟಕ್ ಯಾಕೆ ಎಂದರೆ, 'ಮೀನು ಕೂತ್ಕಳ್ಳಿ ಅಂತ ಕಣ್ಲಾ' ಎನ್ನುವಳು. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಆಫ್ರಿಕಾದ್ದು ಎಂದು ಅದೇ ಪುಸ್ತಕದಲ್ಲಿತ್ತು. ಊರಿಗೆ ಬಂದಾಗ ಹೇಳಿದರೆ ಅವ್ವ ಕ್ಷಣ ಯೋಚಿಸಿ, 'ಬಂದು ಎಷ್ಟ್ ವರ್ಸಾಯ್ತೋ, ಈಗ ನಮ್ದೇಯ' ಎಂದು ಹುಣಸೆ ಕಿವುಚಲು ಕೂತಳು. ಶಶಿಕಿರಣ್ ಮೊದಲ ಸಲ ಆ ಸಾರನ್ನು ತಿಂದು, ಕಣ್ಣು ಮುಚ್ಚಿ, 'ಎಲ್ಲಿ ಕಲಿತ್ರಿ ಮನೋಹರ್ ಇದನ್ನ?' ಎಂದು ಕೇಳಿದಾಗ ಮನೋಹರನ ಮುಂದೆ ಎರಡು ಉತ್ತರಗಳಿದ್ದವು, ಎರಡೂ ನಿಜ. ಅವನು ದೂರದ್ದನ್ನು ಆರಿಸಿದ. ಹತ್ತಿರದ ಉತ್ತರ ಹೇಳಿದ್ದರೆ ಆ ಮುಚ್ಚಿದ ಕಣ್ಣು ಹಾಗೇ ಮುಚ್ಚಿರುತ್ತಿತ್ತೋ ಇಲ್ಲವೋ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಅವನು ಹೋಗಲೂ ಇಲ್ಲ.

ಹನ್ನೊಂದಕ್ಕೆ ತಂಗಿ ಶಾಂತಿಯ ಫೋನು ಬಂತು. "ಅಣ್ಣ, ಅವ್ವ ಆಗ್ಲೇ ಹೊರಟ್ಲು. ಹೊಳೆನರಸೀಪುರ ದಾಟಿದ್ಲಂತೆ."

"ಇವತ್ತು ಬೇಡ ಅಂದಿದ್ನಲ್ಲ."

"ಕಣ್ಣಿನ ಪಟ್ಟಿ ಬಿಚ್ಚಿದ್ರಲ್ಲ, ಈಗ ಕಾಣ್ತದೆ, ಅವ್ನು ಅಡ್ಗೆ ಮಾಡೋ ಜಾಗ ಒಂದ್ ಸಲ ನೋಡ್ಬೇಕು ಅಂತ ಹಟ. ಯಾಕೆ, ಬಂದ್ರೆ ಏನಾಗ್ತದೆ?"

ಏನೂ ಆಗುವುದಿಲ್ಲ ಎಂದ. ಬಸ್ ಸ್ಟ್ಯಾಂಡಿನಲ್ಲೇ ಕೂತಿರಲಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಅನ್ನು ಎಂದ. ಬಸ್ ಸ್ಟ್ಯಾಂಡಿನಿಂದ ಅವಳನ್ನು ತನ್ನ ಬಾಡಿಗೆ ರೂಮಿಗೆ ಕರೆದೊಯ್ದು, ಊಟ ಹಾಕಿಸಿ, ಹೋಟೆಲಿಗೆ ಇವತ್ತು ರಜೆ ಎಂದು ಹೇಳಿ ಕಳಿಸಬಹುದು ಎಂಬ ಲೆಕ್ಕ ಅಷ್ಟರೊಳಗೆ ತಲೆಯಲ್ಲಿ ತಯಾರಾಗಿತ್ತು. ಹೊಳೆನರಸೀಪುರ ಎಂಬ ಹೆಸರು ಮಾತ್ರ ಕಿವಿಯಲ್ಲೇ ಉಳಿಯಿತು. ಅಲ್ಲಿನ ಹಾಸ್ಟೆಲಿನಲ್ಲಿ ಅವನು ಪಿಯುಸಿ ಓದಿದ್ದು. ಒಂದು ಭಾನುವಾರ ಅವ್ವ ಮಡಕೆಗೆ ಬಾಳೆ ಎಲೆ ಕಟ್ಟಿ, ಬಸ್ಸಿನಲ್ಲಿ ಎರಡೂವರೆ ಗಂಟೆ ತೊಡೆಯ ಮೇಲಿಟ್ಟುಕೊಂಡು ಸಾರು ತಂದಿದ್ದಳು, ರೂಮಿನ ಆರೂ ಹುಡುಗರಿಗೆ. ಅವಳನ್ನು ಬಸ್ಸು ಹತ್ತಿಸಿ ಬಂದ ಅವನು ಮಡಕೆಯನ್ನು ರೂಮಿಗೆ ಒಯ್ಯಲಿಲ್ಲ. ಹೇಮಾವತಿಯ ದಂಡೆಯಲ್ಲಿ ಕಲ್ಲಿನ ಮರೆಗೆ ಕೂತು, ಆರು ಜನರ ಸಾರನ್ನು ಒಬ್ಬನೇ ತಿಂದ. ನಾಚಿಕೆಯಿಂದ ಅಡಗಿದ್ದು ನಿಜ. ಆದರೆ ಬೆರಳು ನೆಕ್ಕಿದ್ದೂ, ಮಡಕೆಯ ತಳಕ್ಕೆ ಅಂಟಿದ್ದನ್ನು ಕೆರೆದು ತಿಂದದ್ದೂ ಅಷ್ಟೇ ನಿಜ. ಹೊಟ್ಟೆ ಬಿರಿಯುವಾಗ ಕಣ್ಣಲ್ಲಿ ನೀರು ಬಂದಿತ್ತು. ಅದು ಖಾರಕ್ಕೋ ಬೇರೆ ಯಾವುದಕ್ಕೋ. ಮರಳಿನಲ್ಲಿ ಕೈ ತಿಕ್ಕಿ, ಮತ್ತೆ ತಿಕ್ಕಿ, ಮೂಸಿ ನೋಡಿ ಹೋದ. 'ಎಲ್ರಿಗೂ ಸಾಕಾಯ್ತಾ ಮಗ?' ಎಂದು ಮುಂದಿನ ಸಲ ಅವ್ವ ಕೇಳಿದಾಗ ಸಾಕಾಯ್ತು ಎಂದ. ಅವಳ ಮುಖ ಅರಳಿದ್ದನ್ನು ಅವನು ಮರೆಯಲು ಯತ್ನಿಸಿದ ಹಾಗೆಲ್ಲ ಅದು ಇನ್ನಷ್ಟು ಅರಳುತ್ತಿತ್ತು.

ಹನ್ನೆರಡೂಕಾಲಿಗೆ ಬಸ್ ಸ್ಟ್ಯಾಂಡಿಗೆ ಹೊರಡೋಣವೆಂದು ಏಪ್ರನ್ ಬಿಚ್ಚಿ ಹಿಂದಿನ ಮೆಟ್ಟಿಲಿಳಿದು ಮುಂಬದಿಗೆ ಬಂದ. ಅವ್ವ ಅಲ್ಲೇ ಇದ್ದಳು. ಸಸ್ಯಾಹಾರಿ ಹೋಟೆಲಿನ ಒಳಗೆ, ಗಲ್ಲಾದ ಪಕ್ಕದ ಕುರ್ಚಿಯ ತುದಿಯಲ್ಲಿ, ಕಣ್ಣಿಗೆ ಆಸ್ಪತ್ರೆಯ ಕಪ್ಪು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಕಾಫಿಯ ಲೋಟ. ಪರಮಶಿವಯ್ಯ ಅವಳ ಕಡೆ ಬಾಗಿ ಮಾತಾಡುತ್ತಿದ್ದರು.

"ಬನ್ನಿ ಗೌಡ್ರೇ, ತಾಯಿನ ಬಿಸಿಲಲ್ಲಿ ನಿಲ್ಸಿದ್ರಲ್ಲ! ಬಸ್ಸಿಂದ ಇಲ್ಲೇ ಇಳಿದು ಬೋರ್ಡ್ ನೋಡ್ಕೊಂಡು ನಿಂತಿದ್ರು, ಮನೋಹರ ಇಲ್ಲೇನಾ ಅಂದ್ರು. ಗೌಡ್ರ ತಾಯಿನಾ ಅಂದೆ, ಹಿಂಗೆ ನಿಲ್ಸೋದುಂಟೆ? ಕೂತ್ಕೊಳ್ಳಿ ಅಂದ್ರೂ ಕೂರೋದಿಲ್ಲ ಅಂತಾರೆ. ಒತ್ತಾಯ ಮಾಡಿ ಕೂರಿಸ್ದೆ. ಏನಮ್ಮಾ, ಮಳೆ ಬೆಳೆ ಹೆಂಗೆ ನಿಮ್ ಕಡೆ?"

"ಪರ್ವಾಗಿಲ್ಲ ಸಾ," ಅಂದಳು ಅವ್ವ. ಕನ್ನಡಕ ಮನೋಹರನ ಕಡೆ ತಿರುಗಿತು. ಅದರ ಹಿಂದೆ ಕಣ್ಣು ಏನು ಮಾಡುತ್ತಿದೆ ಎಂದು ಕಾಣಲಿಲ್ಲ. ಗೌಡ್ರೇ ಎಂಬ ಶಬ್ದ ಅವಳ ಕಿವಿಗೆ ಎಷ್ಟು ಸಲ ಬಿದ್ದಿರಬಹುದು ಎಂದು ಅವನು ಎಣಿಸಿದ. ಎರಡು. ಮೂರೂ ಇರಬಹುದು. ಅವಳು ಲೋಟವನ್ನು ಎತ್ತಿ, ತುಟಿಗೆ ತಾಗಿಸದೆ ಮೇಲಿನಿಂದ ಸುರಿದುಕೊಂಡು ಕುಡಿದಳು. ಊರಿನ ಅಭ್ಯಾಸ. ಕುಡಿದು ಲೋಟ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಳು. ತೊಳೆದಿಡಲು ನೀರು ಹುಡುಕುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಪರಮಶಿವಯ್ಯನವರಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗುವ ಮೊದಲೇ ಅವನು ಲೋಟ ಕಸಿದುಕೊಂಡು ಟೇಬಲ್ಲಿನ ಮೇಲಿಟ್ಟ. ಕಸಿದ ರೀತಿಗೆ ಅವಳ ಕೈ ಒಂದು ಕ್ಷಣ ಗಾಳಿಯಲ್ಲಿ ಹಾಗೇ ನಿಂತಿತ್ತು.

ಮೆಟ್ಟಿಲು ಹತ್ತುವಾಗ ಅವಳು ಏನಾದರೂ ಕೇಳಲಿ ಎಂದು ಕಾದ. ಅವಳು ಮೆಟ್ಟಿಲು ಎಣಿಸುತ್ತಿದ್ದಳು. ಹತ್ತೊಂಬತ್ತು ಅಂದಳು, ಮೇಲೆ ಬಂದ ಮೇಲೆ.

ಅಡುಗೆಮನೆಯಲ್ಲಿ ಅವಳು ಮೂಲೆಗೆ ನಿಂತು ಎಲ್ಲವನ್ನೂ ನೋಡಿದಳು. ಸಾಲ್ಮನ್‌ನ ಕೆಂಪು ನೋಡಿ, "ಇದೇನ್ಲಾ, ಕುಂಬಳಕಾಯಿ ಬಣ್ಣ," ಅಂದಳು. ಪೆರುವಿನ ಹಸಿ ಮೀನು ನೋಡಿ ಬಾಯಿಗೆ ಸೆರಗು ಹಿಡಿದಳು. "ಬೇಯ್ಸೋದೇ ಇಲ್ವಾ? ಸೌದೆ ಇಲ್ದಿರೋ ದೇಸವಾ ಅದು?" ಸಿದ್ದೇಶನಿಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಮನೋಹರನಿಗೆ ಒಂದು ಕ್ಷಣ ಮೈ ಹಗುರಾಯಿತು, ಇಷ್ಟೇ ಇದ್ದರೆ ಏನೂ ಆಗುವುದಿಲ್ಲ ಅನ್ನಿಸಿತು. ಆಗಲೇ ಎಂಟು ಜನರ ಟೇಬಲ್ಲೊಂದು ಬಂತು, ಎಂಟೂ ಜನ ಪೋರ್ಚುಗಲ್ ಮಡಕೆಯೇ ಬೇಕೆಂದರು. ಶಶಿಕಿರಣ್ ತಾನೇ ಒಳಗೆ ಬಂದು ಹೇಳಿದ, ಅವ್ವನಿಗೆ ಕೈ ಮುಗಿದ, ಕಾಲು ಮುಟ್ಟಲು ಬಗ್ಗಿದ. ಅವ್ವ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಾಗಿದಳು.

ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಸಾರು ಕುದಿಯಿತು. ಡಬ್ಬಿ ತೆರೆದಾಗ ಪುಡಿಯ ವಾಸನೆ ಎದ್ದಿತು. ಮನೋಹರ ಅವ್ವನ ಕಡೆ ನೋಡಲಿಲ್ಲ. ಬಾಸಾ ತುಂಡುಗಳನ್ನು ಬಿಟ್ಟ. ಸಾಲ್ಮನ್ ಒಲೆಯ ಮೇಲಿತ್ತು, ಅದನ್ನು ಮಗುಚಲು ಆ ಕಡೆ ತಿರುಗಿದ. ಜನ ಹೆಚ್ಚಿದ್ದರಿಂದಲೋ, ಮದುವೆ ಮನೆಯ ಇಪ್ಪತ್ತು ವರ್ಷ ಕೈಗೆ ಮರಳಿ ಬಂದದ್ದರಿಂದಲೋ, ಸಿದ್ದೇಶ ಒಂದು ಸೌಟು ತೆಗೆದು ಪಾತ್ರೆಯ ಮೇಲೆ ತಂದ.

"ಏಯ್, ತೆಗಿ! ಒಡೆದೋಯ್ತದೆ!"

ಅವ್ವನ ದನಿ. ಮೂಲೆಯಿಂದ ಅವಳು ಯಾವಾಗ ಬಂದಳೋ. ಸೌಟನ್ನು ಮೊಣಕೈಯಿಂದ ತಳ್ಳಿ, ಸೆರಗನ್ನು ಎರಡೂ ಕೈಗೆ ಸುತ್ತಿ ಪಾತ್ರೆ ಹಿಡಿದಳು. ಬಲಕ್ಕೊಂದು ಅರೆಸುತ್ತು. ಎಡಕ್ಕೊಂದು ಅರೆಸುತ್ತು. ತುಸು ಎತ್ತಿ, ಟಕ್.

ಆ ಟಕ್ ಶಬ್ದ ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವಂಥದ್ದು. ಶಶಿಕಿರಣ್ ಅದನ್ನು ವಿಡಿಯೋ ಮಾಡಿ ಹಾಕಿದ್ದ, 'ಪೋರ್ಚುಗೀಸ್ ಟಕ್' ಎಂದು ಹೆಸರಿಟ್ಟಿದ್ದ. ಈಗ ಅವನು ಬಾಗಿಲಲ್ಲಿ ನಿಂತಿದ್ದ. ಅವ್ವನ ಕೈ ನೋಡಿದ, ಮನೋಹರನ ಕೈ ನೋಡಿದ. ಸಿದ್ದೇಶ ಯಾರನ್ನೂ ನೋಡದೆ ಸೌಟನ್ನು ಸಿಂಕಿನೊಳಗೆ ಮೆಲ್ಲಗೆ ಇಳಿಸಿದ. ಈಗ ಹೇಳಬಹುದಿತ್ತು. ಬಾಯಲ್ಲಿ ಮಾತು ಇತ್ತು, ನಾಲಿಗೆಯ ಕೆಳಗೆ, ಒಂದೇ ವಾಕ್ಯ. ಮನೋಹರ ಅದಕ್ಕೆ ಕರ್ತೃಪದ ಹುಡುಕುತ್ತಾ ನಿಂತ.

"ಅರೆ, ಅಮ್ಮಾ, ನಿಮಗೂ ಬರುತ್ತಾ ಇದು?" ಅಂದ ಶಶಿಕಿರಣ್.

ಕಪ್ಪು ಕನ್ನಡಕ ಮಗನ ಕಡೆ ತಿರುಗಲಿಲ್ಲ. "ನಮ್ ಮಗನೇ ಏಳ್ಕೊಟ್ಟ ಸಾ," ಅಂದಳು ಅವ್ವ. "ನಮಗೆಲ್ಲಿ ಗೊತ್ತು ಇವೆಲ್ಲಾ. ಊರಿಗೆ ಬಂದಾಗ ತೋರಿಸ್ದ, ಇಂಗೆ ಇಡ್ಕೋ, ಇಂಗೆ ತಿರುಗ್ಸು ಅಂತ."

"ಗ್ರೇಟ್! ಮನೋಹರ್, ತಾಯಿಗೇ ಪೋರ್ಚುಗೀಸ್ ಅಡುಗೆ ಕಲಿಸಿದ್ದೀರಲ್ರೀ! ಅಮ್ಮಾ, ಇನ್ನೊಂದ್ ಸಲ ಹೇಳಿ, ಇಲ್ಲಿ ನೋಡ್ಕೊಂಡು." ಫೋನು ಅವಳ ಮುಖದ ಮುಂದೆ ಬಂತು. ಅವಳು ಸೆರಗು ಸರಿ ಮಾಡಿಕೊಂಡು, ಶಾಲೆಯ ಮಗು ಪಾಠ ಒಪ್ಪಿಸುವ ಹಾಗೆ ನೆಟ್ಟಗೆ ನಿಂತು, ನಮ್ ಮಗನೇ ಏಳ್ಕೊಟ್ಟ ಎಂದು ಮತ್ತೆ ಹೇಳಿದಳು. ಅಷ್ಟು ಹೊತ್ತೂ ಮನೋಹರ ಸಾಲ್ಮನ್ ಮಗುಚುತ್ತಿದ್ದ. ಅದು ಎರಡೂ ಕಡೆ ಬೆಂದಾಗಿತ್ತು.

ಕಿಟಕಿಯ ಪಕ್ಕದ ಟೇಬಲ್ಲಿನಲ್ಲಿ ಅವಳು ಒಬ್ಬಳೇ ಕೂತು ಉಂಡಳು. ಅವನೇ ಬಡಿಸಿದ. ಅವಳು ಬ್ರೆಡ್ಡನ್ನು ಪಕ್ಕಕ್ಕಿಟ್ಟು ಅನ್ನ ಕೇಳಿದಳು. ಮೊದಲ ತುತ್ತು ಬಾಯಿಗೆ ಹೋದಾಗ ಅವಳ ದವಡೆ ಒಂದು ಕ್ಷಣ ನಿಂತು ಮತ್ತೆ ಆಡಿತು. ಅವನು ಆ ದವಡೆಯನ್ನೇ ನೋಡುತ್ತಿದ್ದ. ಹೊಳೆನರಸೀಪುರದ ಆ ಭಾನುವಾರದಂದು, ಕಲ್ಲಿನ ಮರೆಯಲ್ಲಿ ತಾನು ತಿನ್ನುವುದನ್ನು ಇವಳು ಎಲ್ಲಿಂದಲೋ ನೋಡಿದ್ದಳೇನೋ ಎಂಬ ಅರ್ಥವಿಲ್ಲದ ಯೋಚನೆ ಬಂತು. ಬಸ್ಸು ಹತ್ತಿಸಿದ್ದೆನಲ್ಲ. ಆದರೆ ಬಸ್ಸು ಸೇತುವೆ ದಾಟಿಯೇ ಹೋಗುವುದು. ಸೇತುವೆಯಿಂದ ದಂಡೆ ಕಾಣುತ್ತದೆ. ಇಷ್ಟು ವರ್ಷದಲ್ಲಿ ಇದು ಅವನಿಗೆ ಒಂದು ಸಲವೂ ಹೊಳೆದಿರಲಿಲ್ಲ. 'ಎಲ್ರಿಗೂ ಸಾಕಾಯ್ತಾ' ಎಂದು ಕೇಳಿದ ಮುಖವನ್ನು ಮತ್ತೆ ನೆನೆದುಕೊಳ್ಳಲು ನೋಡಿದ. ಅದು ಅರಳಿದ್ದು ಯಾಕೆ ಎಂದು ಈಗ ಖಚಿತವಾಗಿ ಹೇಳಲಾಗಲಿಲ್ಲ. ಅವಳು ಊಟ ಮುಗಿಸಿ, ಮುಳ್ಳಿಲ್ಲದ ಮೀನಿನಲ್ಲಿ ಮುಳ್ಳು ಹುಡುಕಿದ ಬೆರಳನ್ನು ತಟ್ಟೆಯಲ್ಲೇ ತೊಳೆದು, "ಚೆಂದಾಗದೆ," ಅಂದಳು.

ಮೂರೂವರೆಗೆ ಹೆದ್ದಾರಿಯ ಬದಿಯ ಸ್ಟಾಪಿನಲ್ಲಿ ಇಬ್ಬರೂ ನಿಂತರು. ತೆಂಗಿನಕಾಯಿ ತುಂಬಿದ ಲಾರಿಗಳು ಹೋಗುತ್ತಿದ್ದವು. ಅವ್ವ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಆಪರೇಶನ್ ಆದ ಕಣ್ಣು ಕೆಂಪಗಿತ್ತು, ನೀರಾಡುತ್ತಿತ್ತು.

"ಅವ್ವ," ಅಂದ.

"ಬಿಡ್ಲಾ. ಅನ್ನದ ಜಾಗ." ಅವಳು ಕನ್ನಡಕ ಹಾಕಿಕೊಂಡಳು. "ಕಾಪಿ ಕೊಟ್ಟೋರು ಒಳ್ಳೇರು. ನನ್ ಕೈಲಿ ಒಂದೂ ಸುಳ್ಳು ಏಳುಸ್ಲಿಲ್ಲ, ಎಲ್ಲಾ ಅವ್ರೇ ಏಳ್ಕೊಂಡ್ರು. ಮೇಲ್ಗಡೇನೆ ಒಂದು ಏಳ್ಬೇಕಾಯ್ತು."

ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು. "ಮುಂದಿನ ತಿಂಗ್ಳು ಪುಡಿ ಎಷ್ಟ್ ಬೇಕು ಅಂತ ಪೋನ್ ಮಾಡು. ಒಬ್ನೇ ಇರೋನು ಎರಡ್ ಕೇಜಿ ಪುಡಿ ಏನ್ ಮಾಡ್ತನೆ ಅಂತಿದ್ದೆ. ಒಂದ್ ದೇಸಕ್ಕೆಲ್ಲ ಎರಡ್ ಕೇಜಿ ಸಾಲಲ್ಲ ಕಣ್ಲಾ."

ಅವಳು ನಕ್ಕಳೋ ಇಲ್ಲವೋ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿತು. ಅವನು ಹೋಟೆಲಿನ ಕಡೆ ನಡೆದ. ಹಿಂದಿನ ಮೆಟ್ಟಿಲಿಗೆ ತಿರುಗಬೇಕಾದ ಕಡೆ ತಿರುಗಲು ಮರೆತು ಮುಂಬಾಗಿಲ ಹತ್ತಿರ ಬಂದುಬಿಟ್ಟಿದ್ದ, ಆಗ ಫೋನು ಹೊಡೆದುಕೊಂಡಿತು. ಗುಂಡಯ್ಯ.

"ಸಾರ್, ನಾಲ್ಕಾಗ್ತಾ ಬಂತು. ನೋಡಿದ್ರಾ? ನೀವು ಏನೂ ಹೇಳ್ಲಿಲ್ಲ, ಓಕೆ ಅಂದ್ಕೊಂಡು ಅಚ್ಚಿಗೆ ಬಿಟ್ಬಿಡಲಾ?"

"ಬೇಡ," ಅಂದ. ಲಾರಿಯೊಂದು ಹಾರ್ನ್ ಹೊಡೆದು ಹೋಯಿತು. "ಒಂದು ಕಡೆ ತಪ್ಪಿದೆ."

"ಏನ್ ಸಾರ್? ಕೇಳುಸ್ತಿಲ್ಲ."

"ನಾಲ್ಕನೇದು. ಪೋರ್ಚುಗಲ್ ತೆಗೀಬೇಕು. ಲಿಸ್ಬನ್ ಅಜ್ಜೀನೂ."

"ತೆಗ್ದು ಏನ್ ಹಾಕ್ಲಿ?"

ಗಾಜಿನ ಬಾಗಿಲ ಆಚೆ ಪರಮಶಿವಯ್ಯ ಗಲ್ಲಾದಲ್ಲಿ ಕೂತಿದ್ದರು. ಬಾಗಿಲು ಅರ್ಧ ತೆರೆದಿತ್ತು. ಪಕ್ಕದ ಕುರ್ಚಿ ಖಾಲಿಯಿತ್ತು. ಎರಡು ಹೆಜ್ಜೆ ದೂರ ಸರಿಯಬಹುದಿತ್ತು, ಮೆಲ್ಲಗೆ ಮಾತಾಡಬಹುದಿತ್ತು, ಮೆಸೇಜು ಮಾಡುತ್ತೇನೆ ಎಂದು ಇಟ್ಟುಬಿಡಬಹುದಿತ್ತು. ಮೆಸೇಜು ಮಾಡುತ್ತೇನೆ ಎಂದರೆ ಮಾಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಮೀನು ಸಾರು ಅಂತ ಹಾಕಿ. ಸೌಟು ಹಾಕದ ಮೀನು ಸಾರು. ಕೆಳಗೆ, ಸುಬ್ಬಮ್ಮನಿಂದ ಕಲಿತದ್ದು ಅಂತ."

"ಜೋರಾಗಿ ಹೇಳಿ ಸಾರ್. ಯಾರಿಂದ?"

"ಸುಬ್ಬಮ್ಮ!"

"ಬರೀ ಸುಬ್ಬಮ್ಮ ಅಂದ್ರೆ ಯಾರಿಗೆ ಗೊತ್ತಾಗುತ್ತೆ ಸಾರ್, ಎಲ್ಲಿಯೋರು ಅಂತ ಬೇಡ್ವಾ? ಬೇರೆ ಎಲ್ಲದಕ್ಕೂ ಊರು ದೇಶ ಹಾಕಿದೀರ."

ಮತ್ತೊಂದು ಬಸ್ಸು ಹಾರ್ನ್ ಹೊಡೆಯುತ್ತಾ ಬಂದು ನಿಂತಿತು. ಹಾರ್ನ್ ನಿಲ್ಲಲಿ ಎಂದು ಕಾಯಲಿಲ್ಲ. ತನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬರುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ.

"ನಮ್ಮವ್ವ ಕಣ್ರೀ! ಕೊಣನೂರು, ಭೀಮನಗರ!"

ಪರಮಶಿವಯ್ಯ ತಲೆಯೆತ್ತಿ ನೋಡಿದರು. ಅವರ ಕೈ ಗಲ್ಲಾದ ಮೇಲೆ ಹಾಗೇ ನಿಂತಿತ್ತು. ದೋಸೆ ತಿನ್ನುತ್ತಿದ್ದ ಇಬ್ಬರು ತಿರುಗಿದರು.

"ಸರಿಯಾಗಿ ಕೇಳುಸ್ಲಿಲ್ಲ ಸಾರ್," ಅಂದಿತು ಫೋನು. "ಇನ್ನೊಂದ್ ಸಲ ಹೇಳಿ, ಬರ್ಕೋತೀನಿ."

ಮನೋಹರ ಇನ್ನೊಂದು ಸಲ ಹೇಳಿದ.